ನಡುವಿನ ಬಾಗಿಲು

"ಚಿಲಕ ಇರುವುದು ಯಜಮಾನಿಯ ಕಡೆಗೆ ಮಾತ್ರ," ಎಂದು ಗೈಡ್ ಎರಡು ಮಲಗುವ ಕೋಣೆಗಳ ನಡುವಿನ ಬಾಗಿಲನ್ನು ತೋರಿಸಿದಳು. ಡೆಟ್ರಾಯಿಟ್ ಹೊರವಲಯದ ಆ ನೂರು ವರ್ಷದ ಬಂಗಲೆ ನೋಡಲು ಬಂದವರೆಲ್ಲ ನಕ್ಕರು. ತನ್ಮಯಿ ನಗಲಿಲ್ಲ. ಶಿಕಾಗೋದ ಆಸ್ಪತ್ರೆಯೊಂದರ ಕೆಲಸಕ್ಕೆ ಅವಳು ಒಪ್ಪಿಕೊಂಡು ಹತ್ತು ದಿನವಾಗಿತ್ತು. ಗಂಡ ಸಾಕೇತನಿಗೆ ಇನ್ನೂ ಹೇಳಿರಲಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ಬರುವಾಗ ಕಾರಿನಲ್ಲಿ ಮೂರು ಸಲ ಬಾಯಿ ತೆರೆದು, ಮೂರು ಸಲವೂ ಚಳಿಯ ಮಾತಾಡಿದ್ದಳು.

ಗುಂಪು ಮೆಟ್ಟಿಲಿಳಿಯಿತು. ತನ್ಮಯಿ ಯಜಮಾನಿಯ ಕೋಣೆಯ ಕಿಟಕಿಗೆ ಹೋದಳು, ಕೆಳಗೆ ಹಬ್ಬಿದ್ದ ಉದ್ಯಾನವನ್ನು ನೋಡಿದಳು, ಏನೂ ಕಾಣಿಸದೆ ಹಿಂದಿರುಗಿದಳು. ಬ್ಯಾಗಿನ ಜಿಪ್ ಎಳೆದಳು, ಮತ್ತೆ ಹಾಕಿದಳು. ಸಾಕೇತ್ ಯಜಮಾನನ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ಸಾಕೇತ್, ನಿನ್ ಹತ್ರ ಒಂದ್ ವಿಷ್ಯ ಹೇಳ್ಬೇಕು."

"ಶಿಕಾಗೋಗೆ ಯಾವಾಗ ಹೊರಡ್ತೀಯ?" ಎಂದ ಅವನು, ತಿರುಗದೆಯೇ. "ಸಾಮಾನು ಶಿಫ್ಟ್ ಮಾಡೋರು ನೀನ್ ಸಿಗ್ಲಿಲ್ಲ ಅಂತ ಹೋದ್ವಾರ ನಂಗೆ ಫೋನ್ ಮಾಡಿದ್ರು. ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ವಾರದಿಂದ ಅವನು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದದ್ದು ಯಾಕೆಂದು ತನ್ಮಯಿಗೆ ಈಗ ಹೊಳೆಯಿತು. ಆ ಕೆಲಸ ಒಪ್ಪಿಕೊಂಡದ್ದಕ್ಕೆ ಕಾರಣಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಅವನ್ನೆಲ್ಲ ಬಿಟ್ಟು ನಡುವಿನ ಬಾಗಿಲಿಗೆ ಬಂದಳು.

"ನೀನೂ ಬರ್ತೀಯಾ?" ಎಂದಳು. ಹಾಗೆ ಕೇಳಬಹುದೆಂದು ಈ ಹತ್ತು ದಿನದಲ್ಲಿ ಅವಳಿಗೆ ಒಮ್ಮೆಯೂ ತೋಚಿರಲಿಲ್ಲ.