ಭಾವ ಔಟಾದ ಭಾನುವಾರ

ಮುಚ್ಚಿಹೋದ ಹಂಚಿನ ಕಾರ್ಖಾನೆಯೊಳಗೆ ಪ್ರತಿ ಭಾನುವಾರ ಗೆಳೆಯರ ಯುದ್ಧದಾಟ. ಮೊದಲೆಲ್ಲ ಒಂದೊಂದು ಪ್ಲಾಸ್ಟಿಕ್ ಗುಂಡಿಗೂ ಆಟದ ಬಂದೂಕಿನ ಸ್ಪ್ರಿಂಗನ್ನು ಕೈಯಲ್ಲೇ ಎಳೆಯಬೇಕಿತ್ತು. ಈಗ ಬ್ಯಾಟರಿಯದ್ದು ಬಂದಿದೆ. ಟ್ರಿಗರ್ ಒತ್ತಿ ಹಿಡಿದರೆ ಸಾಕು, ಗರ್ರನೆ ಗುಂಡಿನ ಮಳೆ. ಯತೀಶನಿಗೆ ಅದನ್ನು ಕೊಡಿಸಿದವನು ಅಕ್ಕನ ಗಂಡ ಜಯಕರ.

"ಇದರಲ್ಲಾದ್ರೂ ಒಮ್ಮೆ ನನಗೆ ಹೊಡಿ ಮಾರಾಯ" ಎಂದು ಬೆಳಿಗ್ಗೆಯೂ ನಕ್ಕಿದ್ದ.

ಈ ಆಟಕ್ಕೆ ತೀರ್ಪುಗಾರನಿಲ್ಲ. ಗುಂಡು ತಗುಲಿದವನೇ ಕೈಯೆತ್ತಿ ಒಪ್ಪಿಕೊಂಡು, ತಲೆಗೆ ಕೆಂಪು ಬಟ್ಟೆ ಹಾಕಿ ಸುಮ್ಮನೆ ಕೂರಬೇಕು.

ಹಂಚು ಸುಡುವ ಗೂಡಿನ ಹಿಂದೆ ಭಾವ ಕಂಡ. ಯತೀಶ ಟ್ರಿಗರ್ ಒತ್ತಿದ. ಬಂದೂಕು ಗರ್ರೆಂದಿತು. ಭಾವ ಒಂದು ಕೈಯಲ್ಲಿ ಎದೆ ಹಿಡಿದು ಇನ್ನೊಂದನ್ನು ಮೇಲೆತ್ತಿದ, ಗೋಡೆಗೊರಗಿ ಕುಸಿದ.

"ಬಿತ್ತು! ಭಾವನಿಗೆ ಬಿತ್ತು!" ಯತೀಶ ಕುಣಿಯುತ್ತ ಓಡಿಹೋಗಿ ತಾನೇ ಕೆಂಪು ಬಟ್ಟೆ ಹೊದಿಸಿದ.

"ಯತೀಶಾ, ಸ್ವಲ್ಪ..."

"ಸತ್ತವರು ಮಾತಾಡ್ಲಿಕ್ಕಿಲ್ಲ ಭಾವ!"

ಅರ್ಧ ಗಂಟೆಯಲ್ಲಿ ಆಟ ಮುಗಿಯಿತು. ಯತೀಶ ಬಂದು ಎದುರು ಕೂತ.

"ಏಳಿ ಭಾವ. ನಾನೇ ಹೊಡೆದದ್ದು ಅಂತ ಅಕ್ಕನಿಗೆ ನೀವೇ ಹೇಳ್ಬೇಕು, ನಾನು ಹೇಳಿದ್ರೆ ನಂಬ್ಲಿಕ್ಕಿಲ್ಲ."

ಭಾವ ಏಳಲಿಲ್ಲ.

"ಸಾಕು ನಿಮ್ಮ ನಾಟಕ" ಎಂದು ಹಿಡಿದೆಳೆದ ಕೈ ತಣ್ಣಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಲೆಂದು ಅವನು ಜೇಬಿಗೆ ಕೈಹಾಕಿದ. ಮೊದಲು ಸಿಕ್ಕಿದ್ದು, ಬೆಳಿಗ್ಗೆ ಬಂದೂಕಿಗೆ ತುಂಬಲು ಮರೆತಿದ್ದ, ಸೀಲು ಕೂಡ ಒಡೆಯದ ಗುಂಡುಗಳ ಪೊಟ್ಟಣ.