ನಾನೂರ ಎರಡಕ್ಕೆ ಬಂದವರು

ಹೊರಗಿನಿಂದ ಯಾರೇ ಬರಲಿ, ಏನೇ ಬರಲಿ, ಮನೆಯವರು ಮೊಬೈಲಿನಲ್ಲಿ ಒಪ್ಪಿಗೆ ಒತ್ತುವವರೆಗೆ ಗೇಟು ದಾಟಿಸಕೂಡದು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಪರಮಶಿವಯ್ಯನವರು ತಾವೇ ಬರೆದು, ತಾವೇ ಅಂಟಿಸಿದ್ದ ನಿಯಮ ಅದು. ನಿನ್ನೆ ಹಲಸಿನ ಹಣ್ಣು ಹೊತ್ತು ಬಂದ ಭಾವಮೈದುನ, ಇವರ ಮಧ್ಯಾಹ್ನದ ನಿದ್ದೆ ಮುಗಿಯುವವರೆಗೂ ಗೇಟಿನಲ್ಲಿ ಬಿಸಿಲಲ್ಲೇ ಕಾದಿದ್ದ.

"ನಿಯಮ ಅಂದ್ರೆ ನಿಯಮ ಕಣೇ," ಎಂದಿದ್ದರು ಹೆಂಡತಿಗೆ.

ಇವತ್ತು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ಗೇಟಿನಲ್ಲಿ ಹೊಸ ಸೆಕ್ಯೂರಿಟಿ. ಇವರ ಮೊಬೈಲು ಮನೆಯಲ್ಲಿ. ಹೊಟ್ಟೆಯಲ್ಲಿ ವಿಪರೀತ ಅವಸರ.

"ಯಾವ ಮನೆಗೆ ಸಾರ್?"

"ನನ್ ಮನೆಗೇ ಕಣಯ್ಯಾ! ನಾನು ಇಲ್ಲಿ ಕಾರ್ಯದರ್ಶಿ!"

"ಎಲ್ರೂ ಏನೋ ಒಂದು ಹೇಳ್ತಾರೆ ಸಾರ್. ಮನೆ ನಂಬರ್ ಕೊಡಿ, ಫೋಟೋ ಕಳಿಸ್ತೀನಿ."

"ನಾನೂರ ಎರಡು. ಬೇಗ ಕಳ್ಸಪ್ಪಾ, ತಡೆಯಕ್ಕಾಗ್ತಿಲ್ಲ!"

ಫೋಟೋ ಹೋಯಿತು. ಚಣದಲ್ಲೇ ಉತ್ತರ ಬಂತು.

"ನೋಡ್ದ್ಯಾ? ನನ್ ಹೆಂಡ್ತಿ! ತೆಗಿ ಗೇಟು!"

ಸೆಕ್ಯೂರಿಟಿ ಪಾರ್ಸಲ್ ಕಪಾಟಿನ ಪಕ್ಕದ ಸ್ಟೂಲನ್ನು ಒರೆಸಿ ಮುಂದಿಟ್ಟ.

"ಕೂತ್ಕಳಿ ಸಾರ್. ಮೇಡಂ 'ಗೇಟಲ್ಲೇ ಇಟ್ಟಿರಿ, ಆಮೇಲೆ ಬಂದು ತಗೊಳ್ತೀವಿ' ಅನ್ನೋದನ್ನ ಒತ್ತಿದಾರೆ."