ಚೀಲ ಬೀಳಲಿ ಬಿಡ್ರಿ

ಫೋರ್ಕ್‌ಲಿಫ್ಟ್ ಒಂದೇ ಸಲಕ್ಕೆ ಹದಿನಾರು ಚೀಲ ಎತ್ತಿ ಆಳೆತ್ತರಕ್ಕಿಂತ ಮೇಲೆ ಹಿಡಿದು ನಿಂತಾಗ, ಸಿದ್ದರಾಯ ತೆರೆದ ಬಾಯಿ ಮುಚ್ಚುವುದನ್ನೇ ಮರೆತ. ಸಿಂದಗಿಯ ಎಪಿಎಂಸಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ಬೆನ್ನು ಅವನದು. ತೊಗರಿ ಚೀಲವನ್ನು ಕಣ್ಣಲ್ಲೇ ತೂಗಿ ಹೇಳುವ ಆಸಾಮಿ. ಅಂಥವನು ಈಗ ನೆಲದ ಮೇಲೆ ಎಳೆದ ಸುಣ್ಣದ ಗೆರೆಯ ಈಚೆ ನಿಂತು, ಈ ಯಂತ್ರಕ್ಕೆ ಬೆನ್ನು ಎಲ್ಲಿದೆ ಎಂದು ಹುಡುಕುವವನ ಹಾಗೆ ಕತ್ತು ಚಾಚಿ ನೋಡುತ್ತಿದ್ದ.

"ಎಂಟು ಕ್ವಿಂಟಲ್ ರೀ! ದಮ್ಮರೆ ಹತ್ತಬೇಕಲ್ಲ ಇದಕ್ಕ?"

"ಡೀಸಲ್ ಐತ್ರಿ ಯಜಮಾನ್ರ, ದಮ್ಮಿನ ಚಿಂತಿ ಇಲ್ಲ," ಎಂದು ಸೀಟಿನ ಮೇಲಿದ್ದ ಬಂದಗಿಸಾಬರು ನಕ್ಕರು. ಅಲ್ಲಿ ತರಬೇತಿ ಕೊಡುವವರು ಅವರೇ.

ಸಿದ್ದರಾಯನ ಮಗಳು ಭಾಗ್ಯಾಳಿಗೆ ನಗುವ ಪುರುಸೊತ್ತಿರಲಿಲ್ಲ. ಹೊರ್ತಿಯ ಹತ್ತಿರ ಹೊಸ ಗೋದಾಮು ಎದ್ದಿತ್ತು. ಬರುವ ಸೋಮವಾರ ಅಲ್ಲಿ ಫೋರ್ಕ್‌ಲಿಫ್ಟ್ ನಡೆಸುವವರನ್ನು ಆರಿಸುವವರಿದ್ದರು, ಅದೂ ತರಬೇತಿಯ ಕಾರ್ಡ್ ಇದ್ದವರನ್ನು ಮಾತ್ರ. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ ಒಂದು ಕೋರ್ಸ್ ಇತ್ತು: ನಾಳೆ ಶುಕ್ರವಾರ ಶುರು, ಭಾನುವಾರ ಸಂಜೆ ಕಾರ್ಡ್ ಕೈಯಲ್ಲಿ. ಅಲ್ಲಿ ಯಂತ್ರ ಇರಲಿಲ್ಲ, ಯಂತ್ರದ ವಿಡಿಯೊ ಇತ್ತು. "ಎತ್ತೂದು, ಇಳಸೂದು, ಎರಡ ಕೆಲಸ. ಸ್ಕೂಟಿ ಹೊಡದಷ್ಟ ಸರಳ" ಎಂದಿದ್ದ ಅಲ್ಲಿಯವನು. ಆದರೂ ಮನಸ್ಸು ತಡೆಯದೆ, ಬಸವನ ಬಾಗೇವಾಡಿಯ ಹೊರಗೆ ಹಳೆಯ ಹತ್ತಿ ಜಿನ್ನಿಂಗ್ ಗಿರಣಿಯ ಅಂಗಳದಲ್ಲಿ ನಡೆಯುವ ಈ ಕೋರ್ಸನ್ನೂ ನೋಡಿಬಿಡೋಣ ಎಂದು ಅಪ್ಪನ ಜೊತೆ ಬಂದಿದ್ದಳು. ಇಲ್ಲಿ ಯಂತ್ರ ಇತ್ತು. ಆದರೆ ಕೋರ್ಸು ಮೂವತ್ತು ದಿನ.

"ಸೋಮವಾರ ಆರಸ್ತಾರ್ರಿ ಸರ, ಮತ್ತ ಯಾವಾಗ ಕರೀತಾರೊ ಏನೊ. ಎತ್ತೂದು ಯಾವತ್ತು ಕಲಸ್ತೀರಿ?"

"ಹತ್ತು ದಿನ ಆದ ಮ್ಯಾಲೆ."

"ಹತ್ತು ದಿನ! ಅಲ್ಲೀತನಕ ಏನ್ ಮಾಡೂದ್ರಿ?"

"ಮೊದಲನೇ ಪಾಠ ತೋರಸ್ತೇನಿ, ನೋಡ್ರಿ. ಏನರೆ ಆಗಲಿ, ಗೆರಿ ಮಾತ್ರ ದಾಟಬ್ಯಾಡ್ರಿ."

ಬಂದಗಿಸಾಬರು ಒಂದು ಹಿಡಿಕೆ ಒತ್ತಿದರು. ಚೀಲ ಹೊತ್ತ ಎರಡು ಕಬ್ಬಿಣದ ತೋಳುಗಳು ಮೆಲ್ಲಗೆ ಮುಂದಕ್ಕೆ ಬಾಗಿದವು. ಎಲ್ಲಕ್ಕಿಂತ ಮೇಲಿನ ಚೀಲ ಗೇಣಷ್ಟು ಜಾರಿತು.

ಹಮಾಲರಲ್ಲಿ ಒಂದು ಪದ್ಧತಿ ಇದೆ. ಒಟ್ಟಿದ ಚೀಲ ಜಾರಿತೆಂದರೆ ಯಾರು ಹತ್ತಿರ ಇದ್ದಾರೋ ಅವರು ಹೋಗಿ ಹೆಗಲು ಕೊಡಬೇಕು. ಯಾರ ಮಾಲು, ಯಾರ ಪಾಳಿ ಎಂದು ಕೇಳುವಂತಿಲ್ಲ. ಚೀಲ ನೆಲಕ್ಕೆ ಬೀಳಲು ಬಿಟ್ಟವನನ್ನು ಉಳಿದವರು ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಸಿದ್ದರಾಯನ ತಲೆ ಗೆರೆಯ ಮಾತು ಕೇಳಿಸಿಕೊಂಡಿತ್ತು, ಕಾಲುಗಳು ಕೇಳಿಸಿಕೊಂಡಿರಲಿಲ್ಲ. ಭಾಗ್ಯಾ "ಅಪ್ಪಾ!" ಎಂದು ಚೀರುವಷ್ಟರಲ್ಲಿ ಅವನು ಒಂದು ಚಪ್ಪಲಿ ಕಳಚಿಕೊಂಡೇ ಓಡಿ, ಎಂಟು ಕ್ವಿಂಟಲ್ ಅಡಿಯಲ್ಲಿ ಹೆಗಲೊಡ್ಡಿ ನಿಂತಿದ್ದ.

ಬಂದಗಿಸಾಬರ ಕೈ ಅದಕ್ಕಿಂತ ಚುರುಕಾಗಿತ್ತು. ತೋಳುಗಳು ಹಿಂದಕ್ಕೆ ವಾಲಿದವು, ಚೀಲ ಇದ್ದಲ್ಲೇ ನಿಂತಿತು. ಅವರು ಬೈಯಲಿಲ್ಲ. ಆದರೆ ಮುಖದಲ್ಲಿ ರಕ್ತ ಇರಲಿಲ್ಲ.

"ಯಜಮಾನ್ರ, ಹಿಂದ ಬರ್ರಿ."

"ಚೀಲ ಬೀಳಾಕತ್ತಿತ್ತಲ್ರಿ!"

"ಬೀಳಲಿ ಬಿಡ್ರಿ. ಉಸುಕು ಐತಿ ಅದರಾಗ."

"ತೊಗರಿ ಇದ್ದಿದ್ರ?"

"ತೊಗರಿ ಇದ್ರೂ ಬೀಳಲಿ, ಬಂಗಾರ ಇದ್ರೂ ಬೀಳಲಿ. ಬೀಳೂದರ ಕೆಳಗ ಮನಶ್ಯಾ ಹೋಗಬಾರದು. ಇದ ನಮ್ಮ ಮೊದಲನೇ ಪಾಠ."

ಚೇಷ್ಟೆ ಮಾಡುತ್ತಿದ್ದಾರೆಯೇ ಎಂದು ಸಿದ್ದರಾಯ ಅವರ ಮುಖ ನೋಡಿದ. ಹಾಗೆ ಕಾಣಲಿಲ್ಲ. ಒಂದೇ ಚಪ್ಪಲಿಯಲ್ಲಿ ಗೆರೆಯ ಈಚೆ ಬಂದು ನಿಂತ. ಈ ಸಲ ಭಾಗ್ಯಾ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಳು.

ಬಂದಗಿಸಾಬರು ಮತ್ತೆ ಹಿಡಿಕೆ ಒತ್ತಿದರು, ಚೀಲ ಜಾರಿತು. ಅಪ್ಪನ ಇಡೀ ಮೈ ಅದರತ್ತ ಜಗ್ಗಿದ್ದು ಅವಳ ಅಂಗೈಗೆ ತಿಳಿಯಿತು. ಚೀಲ ಬಿತ್ತು. ಕಾಲಡಿಯ ನೆಲ ಅದುರಿತು, ಹೊಲಿಗೆ ಬಿಚ್ಚಿ ಉಸುಕು ಚೆಲ್ಲಿತು. ಸ್ವಲ್ಪ ಮೊದಲು ಅವನು ನಿಂತಿದ್ದ ಜಾಗ ಅದು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಉಳಿದ ಹದಿನೈದು ಚೀಲಗಳನ್ನು ಬಂದಗಿಸಾಬರು ಧೂಳು ಏಳದಷ್ಟು ಮೆತ್ತಗೆ ಕೆಳಗಿಳಿಸಿ, ತಾವೂ ಸೀಟಿನಿಂದ ಇಳಿದು ಬಂದರು.

ಎಂಟು ಕ್ವಿಂಟಲ್ ಎತ್ತಿದ್ದು ಸಿದ್ದರಾಯನಿಗೆ ಈಗ ದೊಡ್ಡದೆನಿಸಲಿಲ್ಲ. ಒಂದು ಚೀಲ ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು, ಹೀಗೆ ಬೀಳಬಹುದು ಎನ್ನುವುದೇ ಅವನಿಗೆ ದೊಡ್ಡ ಬೆರಗಾಗಿತ್ತು. ಮೂವತ್ತು ವರ್ಷದಲ್ಲಿ ಅವನಿಗೆ 'ಎತ್ತು' ಎಂದವರಿಗೆ ಲೆಕ್ಕವಿಲ್ಲ. 'ಹಿಂದೆ ಸರಿ' ಎಂದವರು ಒಬ್ಬರೂ ನೆನಪಿಗೆ ಬರಲಿಲ್ಲ.

ಭಾಗ್ಯಾ ನೋಡುತ್ತಿದ್ದದ್ದು ಖಾಲಿ ಸೀಟನ್ನು. ಹೊರ್ತಿಯ ಗೋದಾಮಿನಲ್ಲೂ ಹಮಾಲರು ಇರುತ್ತಾರೆ. ಚೀಲ ಜಾರಿದರೆ ಅವರೂ ಓಡಿ ಬರುವವರೇ. ಆಗ ಈ ಸೀಟಿನ ಮೇಲೆ ಇರುವವಳು ತಾನು, ಮೂರು ದಿನ ವಿಡಿಯೊ ನೋಡಿ ಬಂದವಳು.

"ಸರ, ನನ್ನ ಹೆಸರು ಬರಕೋರಿ."

"ಮೂವತ್ತು ದಿನ ನೋಡವಾ. ಸೋಮವಾರದ್ದು ತಪ್ಪತೈತಿ."

"ತಪ್ಪಲ್ರಿ."

ಬಂದಗಿಸಾಬರು ಮೂಲೆಯ ಮೇಜಿನ ಮೇಲೆ ರಿಜಿಸ್ಟರ್ ತೆಗೆದು ಬರೆಯತೊಡಗಿದರು. ಸಿದ್ದರಾಯ ಮೇಜಿನ ಹತ್ತಿರ ಬಂದು, ಸಂಕೋಚದಿಂದ ಗಂಟಲು ಸರಿಮಾಡಿಕೊಂಡ.

"ಸಾಬ್ರ, ನಂದೂ ಒಂದು ಹೆಸರು ಹಚ್ಚರಿ."

"ಈ ವಯಸ್ಸಿನಾಗ ಮಷೀನ್ ನಡಸ್ತೀರೇನ್ರಿ?"

"ಮಷೀನ್ ಬ್ಯಾಡ್ರಿ ನನಗ," ಎಂದ ಸಿದ್ದರಾಯ. "ಹಿಂದ ಸರಿಯೂದಷ್ಟ ಕಲಸ್ರಿ."